ಮಾವನ ರೋಡ್‌ಕಿಂಗ್ ಇಂಜಿನ್ ಎರಡು ಸಲ ಬಿಚ್ಚಿದ್ದು, ಬೇರಿಂಗ್ ಹುಡುಕಿದ್ದು

ಹೋದ ವರ್ಷ ಯುಗಾದಿ ಕಳೆದ ಮೇಲೆ ಅರಸೀಕೆರೆ ಹತ್ರ ಇರೋ ನಮ್ಮ ಸೋದರಮಾವನ ತೋಟದ ಮನೆಯಿಂದ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ತಗೊಂಡು ಬಂದೆ. 1986ರ ಗಾಡಿ, ಮಾವ ಶೋರೂಮಿಂದ ಹೊಸದಾಗೇ ತಗೊಂಡಿದ್ದು, ಕೊಬ್ಬರಿ ಅಟ್ಟದ ಕೆಳಗೆ ಆರೇಳು ವರ್ಷದಿಂದ ನಿಂತಲ್ಲೇ ನಿಂತಿತ್ತು. ಚಿಕ್ಕವನಿದ್ದಾಗ ಆ ಗಾಡಿ ಟ್ಯಾಂಕ್ ಮೇಲೆ ಕೂತ್ಕೊಂಡು ಜಾತ್ರೆಗೆ ಹೋದೋನು ನಾನು, ಹಂಗಾಗಿ ಗುಜರಿಯವರು ಬಂದು ರೇಟು ಕೇಳ್ತಿದಾರೆ ಅಂತ ಅತ್ತೆ ಫೋನಲ್ಲಿ ಹೇಳಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ಮಾರನೇ ಭಾನುವಾರವೇ ಟೆಂಪೋ ಮಾಡ್ಕೊಂಡು ಹೋಗ್ಬಿಟ್ಟೆ. ಕಿಕ್ ಹೊಡೆದ್ರೆ ಇಂಜಿನ್ ತಿರುಗ್ತಿತ್ತು, ಜಾಮ್ ಆಗಿರ್ಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಟ್ಯಾಂಕಲ್ಲಿದ್ದ ಕೊಳೆತ ಪೆಟ್ರೋಲ್ ಚೆಲ್ಲಿ, ಹೊಸ ಪ್ಲಗ್ ಹಾಕಿ ಹೊಡೆದೆ, ಆರನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಆವತ್ತು ಆದ ಖುಷಿ ಹೇಳಕ್ಕಾಗಲ್ಲ.

ಆದ್ರೆ ಬೆಂಗಳೂರಲ್ಲಿ ಇನ್ನೂರು ಕಿಲೋಮೀಟರ್ ಓಡಿಸೋ ಹೊತ್ತಿಗೆ ಒಂದು ಸದ್ದು ಶುರುವಾಯ್ತು, ಮೊದಲು ಕಿವಿಗಿಂತ ಕಾಲಿಗೆ ಗೊತ್ತಾಗಿದ್ದು, ಫುಟ್‌ರೆಸ್ಟ್ ಮೇಲೆ ಪಾದ ಇಟ್ರೆ ಸಣ್ಣಗೆ ಗೊರಗೊರ ಅನ್ನೋ ನಡುಕ, ಆಕ್ಸಿಲರೇಟರ್ ಜಾಸ್ತಿ ಮಾಡಿದ ಹಾಗೆ ಅದೂ ಜಾಸ್ತಿ, ಕಮ್ಮಿ ಮಾಡಿದ್ರೆ ಕಮ್ಮಿ. ಹಳೇ ಟೂ ಸ್ಟ್ರೋಕ್ ಇಂಜಿನ್ನಲ್ಲಿ ಸದ್ದು ಅಂದ್ರೆ ನೂರು ಥರ, ಎಲ್ಲದಕ್ಕೂ ಬೇರಿಂಗ್ (ಶಾಫ್ಟ್ ಸಲೀಸಾಗಿ ತಿರುಗಲಿ ಅಂತ ಎರಡು ರಿಂಗಿನ ಮಧ್ಯೆ ಉಕ್ಕಿನ ಗುಂಡು ಇಟ್ಟಿರೋ ಸಾಮಾನು) ಹೋಯ್ತು ಅಂತ ಇಂಜಿನ್ ಇಳಿಸಿಬಿಡಬಾರದು. ನಾನು ಕಲಿತಿದ್ದು ಇಷ್ಟು: ಪಿಸ್ಟನ್ ಲೂಸ್ ಆಗಿದ್ರೆ ಇಂಜಿನ್ ತಣ್ಣಗಿದ್ದಾಗ ಟಕಟಕ ಅನ್ನತ್ತೆ, ಬಿಸಿಯಾದ ಮೇಲೆ ಸುಮಾರು ಕಮ್ಮಿ ಆಗತ್ತೆ. ಗಜನ್ ಪಿನ್ (ಪಿಸ್ಟನ್ನನ್ನ ಕನೆಕ್ಟಿಂಗ್ ರಾಡಿಗೆ ಸೇರಿಸೋ ಪಿನ್) ಕಡೆ ಬುಷ್ ಸವೆದಿದ್ರೆ ತಗಡು ಬಡಿದ ಹಾಗೆ ಸಣ್ಣ ಸದ್ದು. ಕನೆಕ್ಟಿಂಗ್ ರಾಡಿನ ಕೆಳಗಡೆ, ಅಂದ್ರೆ ಬಿಗ್ ಎಂಡ್ ಹೋಗಿದ್ರೆ ಏರು ಹತ್ತುವಾಗ ಲೋಡ್ ಬಿದ್ದ ತಕ್ಷಣ ದಪ್ಪಗೆ ಡಬ್ ಡಬ್ ಅಂತ ಒಳಗಿಂದ ಗುದ್ದತ್ತೆ. ಕ್ರ್ಯಾಂಕ್, ಅಂದ್ರೆ ಪಿಸ್ಟನ್ ಓಟಕ್ಕೆ ತಿರುಗೋ ಮುಖ್ಯ ಶಾಫ್ಟು, ಅದನ್ನ ಎರಡೂ ಕಡೆ ಹೊತ್ತಿರೋ ಮೇನ್ ಬೇರಿಂಗ್ ಹಂಗಲ್ಲ, ಅದು ಗುದ್ದಲ್ಲ, ಬೀಸೋಕಲ್ಲಿನ ಹಾಗೆ ಒಂದೇ ಸಮ ಗೊರಗುಟ್ಟತ್ತೆ. ಉದ್ದ ಸ್ಕ್ರೂ ಡ್ರೈವರಿನ ಹಿಡಿಯನ್ನ ಕಿವಿ ಹಿಂದಿನ ಮೂಳೆಗೆ ಒತ್ತಿ, ಮೊನೆಯನ್ನ ಕ್ರ್ಯಾಂಕ್ ಕೇಸಿನ (ಕ್ರ್ಯಾಂಕನ್ನ ಮುಚ್ಚಿರೋ ಇಂಜಿನ್ ಡಬ್ಬ) ಎರಡೂ ಪಕ್ಕ ಇಟ್ಟು ಕೇಳಿದೆ, ಎಡಗಡೆಗಿಂತ ಬಲಗಡೆ, ಡೈನಮೋ ಇರೋ ಕಡೆ, ಸದ್ದು ಎರಡರಷ್ಟು.

ಇನ್ನೊಂದು ಗುರುತು ಇದೆ, ಇದನ್ನ ಜಾವಾ ಯೆಜ್ಡಿ ಇಟ್ಕೊಂಡಿರೋರು ತಿಳ್ಕೊಂಡಿರ್ಲೇಬೇಕು. ಈ ಗಾಡೀಲಿ ಡೈನಮೋ ರೋಟರ್ ಕ್ರ್ಯಾಂಕ್ ಶಾಫ್ಟಿನ ಬಲ ತುದೀಲೇ ಕೂತಿರತ್ತೆ, ಪಾಯಿಂಟ್ (ಪ್ಲಗ್ಗಿಗೆ ಕಿಡಿ ಯಾವಾಗ ಹೋಗಬೇಕು ಅಂತ ನಿರ್ಧರಿಸೋ ಸಣ್ಣ ಸ್ವಿಚ್) ತೆರೆಯೋ ಕ್ಯಾಮೂ ಅಲ್ಲೇ. ಆ ಕಡೆ ಬೇರಿಂಗ್ ಸವೆದು ಶಾಫ್ಟ್ ಒಂದು ಕೂದಲೆಳೆ ಅಲ್ಲಾಡಿದ್ರೂ ಪಾಯಿಂಟ್ ಗ್ಯಾಪ್ ಒಂದೇ ಕಡೆ ನಿಲ್ಲಲ್ಲ. ನಾನು ಮೂರು ವಾರ ಫೀಲರ್ ಗೇಜ್ ಹಿಡ್ಕೊಂಡು ಬರೀ ಪಾಯಿಂಟ್ ಸೆಟ್ ಮಾಡ್ತಾನೇ ಇದ್ದೆ, ಬೆಳಿಗ್ಗೆ ಸರಿ ಇದ್ದದ್ದು ಸಾಯಂಕಾಲ ಬೇರೆ, ಕಂಡೆನ್ಸರ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ಮಿಸ್ಸಿಂಗ್ ಹೋಗ್ಲಿಲ್ಲ. ಕೊನೆಗೆ ಕವರ್ ತೆಗೆದು ರೋಟರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದ್ರೆ ಕೈಗೇ ಆಟ ಸಿಗ್ತಿತ್ತು, ಒಳಗೆ ರೋಟರ್ ಮೈಮೇಲೆ ಒಂದು ಕಡೆ ಹೊಳೆಯೋ ಗೆರೆ, ಹೊರಗಿನ ಕಾಯಿಲಿನ ಕಂಬಕ್ಕೆ ಉಜ್ಜಿ ಉಜ್ಜಿ ಆಗಿದ್ದು. ಕ್ರ್ಯಾಂಕ್ ಬೇರಿಂಗ್ ಸರಿ ಮಾಡದೆ ಎಷ್ಟು ಪಾಯಿಂಟ್ ಸೆಟ್ ಮಾಡಿದ್ರೂ ಪ್ರಯೋಜನ ಇಲ್ಲ.

ಬೇರಿಂಗ್ ಯಾಕೆ ಹೋಯ್ತು ಅಂತ ಕೇಳಿದ್ರೆ, ಓಡಿ ಹೋಗಿದ್ದಲ್ಲ, ನಿಂತು ಹೋಗಿದ್ದು. ನಾಲ್ಕು ಸ್ಟ್ರೋಕಿನ ಗಾಡಿ ಥರ ಇದರ ಕ್ರ್ಯಾಂಕಿಗೆ ಬೇರೆ ಆಯಿಲ್ ಪಂಪ್ ಇಲ್ಲ, ಪೆಟ್ರೋಲ್ ಜೊತೆ ಬೆರೆಸಿದ ಟೂಟಿ ಆಯಿಲೇ ಒಳಗೆ ಹೋಗಿ ನೆನೆಸಬೇಕು. ಗಾಡಿ ನಿಂತ್ರೆ ಪೆಟ್ರೋಲ್ ಆರಿ ಹೋಗತ್ತೆ, ಆಯಿಲ್ ನಿಧಾನಕ್ಕೆ ತಳಕ್ಕೆ ಜಾರತ್ತೆ, ಮಳೆಗಾಲದ ತೇವ ಒಳಗೆ ಸೇರತ್ತೆ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಬೇರೆ ನೀರನ್ನ ಎಳ್ಕೊಳ್ಳೋ ಸ್ವಭಾವದ್ದು. ಗುಂಡು ಮತ್ತೆ ರೇಸ್ (ರಿಂಗಲ್ಲಿ ಗುಂಡು ಓಡೋ ಕಾಲುವೆ) ತಾಗೋ ಜಾಗದಲ್ಲಿ ಸಾಸಿವೆಕಾಳಿಗಿಂತ ಸಣ್ಣ ತುಕ್ಕಿನ ಚುಕ್ಕಿ ಬಿದ್ರೂ ಸಾಕು, ಆಮೇಲೆ ಓಡಿಸಿದಾಗ ಅಲ್ಲಿಂದಲೇ ಉಕ್ಕು ಚಕ್ಕೆ ಚಕ್ಕೆಯಾಗಿ ಏಳಕ್ಕೆ ಶುರು. ವರ್ಷಗಟ್ಲೆ ನಿಂತ ಟೂ ಸ್ಟ್ರೋಕ್ ಗಾಡಿ ತಂದ ದಿನವೇ ಸ್ಟಾರ್ಟ್ ಮಾಡಿ ಓಡಿಸಿದ್ದು ನನ್ನ ತಪ್ಪು. ನೀವು ಯಾರಾದ್ರೂ ತರೋದಾದ್ರೆ ಮೊದಲು ಪ್ಲಗ್ ತೂತಿಂದ ಆಯಿಲ್ ಬಿಟ್ಟು, ಕೈಯಿಂದ ತಿರುಗಿಸಿ, ಒಂದಿನ ಹಂಗೇ ಬಿಡಿ. ಆಮೇಲೂ ಸದ್ದು ಬಂತು ಅಂದ್ರೆ ಓಡಿಸಬೇಡಿ, ಬಿಚ್ಚಿಸಿ.

ಮೊದಲನೇ ಸಲ ಬೆಂಗಳೂರಲ್ಲೇ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. ಹತ್ತು ದಿನಕ್ಕೆ ಗಾಡಿ ಕೊಟ್ರು, ಬೇರಿಂಗ್ ಎರಡೂ ಕಡೆ ಹೊಸದು, ಸೀಲ್ ಹೊಸದು ಅಂದ್ರು, ಸದ್ದು ಹೋಗಿತ್ತು, ದುಡ್ಡು ಕೊಟ್ಟು ನೆಮ್ಮದಿಯಾಗಿ ಬಂದೆ. ಸರಿಯಾಗಿ ನಾನೂರು ಚಿಲ್ಲರೆ ಕಿಲೋಮೀಟರ್. ಕುಣಿಗಲ್ ದಾಟಿ ಹೋಗ್ತಿದ್ದಾಗ ಮತ್ತೆ ಅದೇ ಗೊರಗೊರ, ಈ ಸಲ ಜೊತೆಗೆ ಸೈಲೆನ್ಸರಿಂದ ಬಿಳಿ ಹೊಗೆ. ಬಿಳಿ ಹೊಗೆ ಅಂದ್ರೆ ಪ್ರೈಮರಿ ಕಡೆ (ಇಂಜಿನ್ನಿಂದ ಕ್ಲಚ್ಚಿಗೆ ಚೈನ್ ಹೋಗೋ ಎಡಗಡೆ) ಆಯಿಲ್ ಸೀಲ್ ತಡೀತಿಲ್ಲ, ಗೇರ್ ಆಯಿಲನ್ನ ಕ್ರ್ಯಾಂಕ್ ಕೇಸ್ ಹೀರ್ಕೊಂಡು ಸುಡ್ತಿದೆ ಅಂತ. ಶಾಫ್ಟ್ ಅಲ್ಲಾಡಿದ್ರೆ ಸೀಲಿನ ತುಟಿ ಎಷ್ಟು ಹೊಸದಾದ್ರೂ ಏನು ಮಾಡಕ್ಕಾಗತ್ತೆ? ಆವತ್ತು ನಿಜವಾಗ್ಲೂ ಅಳು ಬರೋ ಹಾಗಾಗಿತ್ತು, ಗಾಡೀನ ಅಲ್ಲೇ ಒಂದು ಹೋಟೆಲ್ ಹಿಂದೆ ನಿಲ್ಲಿಸಿ ಬಸ್ಸಲ್ಲಿ ವಾಪಸ್ ಬಂದೆ.

ಎರಡನೇ ಸಲ ನಾನೇ ಇಂಜಿನ್ ಇಳಿಸಿದೆ. ಗೋಣಿಚೀಲದಲ್ಲಿ ಸುತ್ತಿ ಕಾರಿನ ಡಿಕ್ಕೀಲಿಟ್ಟು ಮೈಸೂರಿಗೆ ಹೋದೆ. ಅಲ್ಲಿ ಒಬ್ರು ಹಿರಿಯ ಮೆಕ್ಯಾನಿಕ್ ಇದಾರೆ, ನಲವತ್ತು ವರ್ಷದಿಂದ ಬರೀ ಜಾವಾ ಯೆಜ್ಡಿ ಕೆಲಸ ಮಾಡ್ತಿರೋರು, ಗೊತ್ತಿರೋರೆಲ್ಲ ಅವರನ್ನ ಮೇಷ್ಟ್ರು ಅಂತಾರೆ. ಈಗ ಕೆಲಸ ಕಮ್ಮಿ ಮಾಡಿದಾರೆ. ನಾನು ಬಿಚ್ತೀನಿ ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ ಮೇಷ್ಟ್ರೇ ಅಂತ ಕೇಳ್ಕೊಂಡೆ, ಒಪ್ಪಿದ್ರು. ಮೈಸೂರಿಗೂ ಈ ಗಾಡಿಗೂ ಇರೋ ಸಂಬಂಧ ಎಲ್ಲರಿಗೂ ಗೊತ್ತಿರೋದೇ, ಐಡಿಯಲ್ ಜಾವಾ ಫ್ಯಾಕ್ಟರಿ ಯಾದವಗಿರಿಯಲ್ಲಿ ಇದ್ದದ್ದು, 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿ ಮಾಡಿ 1996ರಲ್ಲಿ ಮುಚ್ಚಿ ಹೋಯ್ತು. ಫ್ಯಾಕ್ಟರಿ ಹೋದ್ರೂ ಆ ಕೆಲಸ ಗೊತ್ತಿರೋ ಕೈಗಳು ಊರಲ್ಲಿ ಇನ್ನೂ ಇವೆ.

ಬಿಚ್ಚೋದನ್ನ ಜಾಸ್ತಿ ಬರೆಯಲ್ಲ. ಪುಲ್ಲರ್ ಇಲ್ಲದೆ ರೋಟರಿಗೂ ಇಂಜಿನ್ ಸ್ಪ್ರಾಕೆಟ್ಟಿಗೂ ಕೈ ಹಾಕ್ಬೇಡಿ, ಎರಡು ಕೇಸಿನ ಮಧ್ಯೆ ಸ್ಕ್ರೂ ಡ್ರೈವರ್ ತೂರಿಸಿ ಮೀಟ್ಬೇಡಿ, ಜಾಯಿಂಟ್ ಮುಖದ ಮೇಲೆ ಒಂದು ಗೀಚು ಬಿದ್ರೂ ಅಲ್ಲಿಂದ ಗಾಳಿ ಎಳೆಯತ್ತೆ, ಮಿಕ್ಸ್ಚರಲ್ಲಿ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗಿ ಪಿಸ್ಟನ್ ಹಿಡ್ಕೊಳ್ಳತ್ತೆ. ಇಷ್ಟು ಸಾಕು.

ಬಲಗಡೆ ಬೇರಿಂಗ್ ಹೊರಗೆ ಬಂದಾಗ ಮೇಷ್ಟ್ರು ಅದನ್ನ ಸೀಮೆಎಣ್ಣೇಲಿ ತೊಳೆದು ನನ್ನ ಕೈಗೆ ಕೊಟ್ರು, ಒಳಗಿನ ರಿಂಗ್ ಬೆರಳಲ್ಲಿ ಹಿಡಿದು ಹೊರಗಿನದನ್ನ ನಿಧಾನಕ್ಕೆ ತಿರುಗಿಸು ಅಂದ್ರು. ತಿರುಗಿಸಿದೆ. ನಾನೂರು ಕಿಲೋಮೀಟರ್ ಓಡಿದ ಬೇರಿಂಗ್ ಬೆಣ್ಣೆ ಥರ ತಿರುಗಬೇಕು, ಇದು ಬೆರಳಿಗೆ ಕಟ್, ಕಟ್, ಕಟ್ ಅಂತ ಒಂದೇ ಅಂತರಕ್ಕೆ ಸಿಕ್ಕಿ ಸಿಕ್ಕಿ ಹೋಗ್ತಿತ್ತು. (ತೊಳೆದ ಒಣ ಬೇರಿಂಗನ್ನ ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸೋರನ್ನ ನೋಡಿದೀನಿ, ದಯವಿಟ್ಟು ಮಾಡ್ಬೇಡಿ, ಬೇರಿಂಗೂ ಹಾಳು, ಒಡೆದು ಸಿಡಿದ್ರೆ ಕಣ್ಣೂ ಹಾಳು.) ಬಿಸಿಲಿಗೆ ಹಿಡಿದು ಗುಂಡುಗಳನ್ನ ಒಂದು ಪಕ್ಕಕ್ಕೆ ಸರಿಸಿ ರೇಸ್ ಒಳಗೆ ನೋಡಿದ್ರೆ ಸಣ್ಣ ಸಣ್ಣ ತಗ್ಗು, ಉಗುರು ಎಳೆದ್ರೆ ಸಿಗೋ ಅಷ್ಟು, ಒಂದೊಂದು ತಗ್ಗಿಗೂ ಮಧ್ಯೆ ಗುಂಡುಗಳ ಮಧ್ಯೆ ಇರೋವಷ್ಟೇ ಅಂತರ. ಓಡಿ ಸವೆದಿದ್ದಾದ್ರೆ ಹಂಗೆ ಅಳತೆ ಇಟ್ಟ ಹಾಗೆ ಬರಲ್ಲ. ಅದು ಸುತ್ತಿಗೆ ಗುರುತು. ಬೇರಿಂಗನ್ನ ಕೇಸಿಗೆ ಕೂರಿಸುವಾಗ ಹೊರಗಿನ ರಿಂಗಿನ ಮೇಲೆ ಒತ್ತಬೇಕು, ಶಾಫ್ಟಿಗೆ ಕೂರಿಸುವಾಗ ಒಳಗಿನ ರಿಂಗಿನ ಮೇಲೆ, ಅದು ಬಿಟ್ಟು ಒಂದು ರಿಂಗಿಗೆ ಹೊಡೆದು ಇನ್ನೊಂದನ್ನ ಕೂರಿಸಿದ್ರೆ ಏಟೆಲ್ಲ ಗುಂಡುಗಳ ಮೂಲಕವೇ ದಾಟಬೇಕು. ಒಂದೊಂದು ಗುಂಡೂ ತಾನು ನಿಂತ ಜಾಗದಲ್ಲಿ ಒಂದೊಂದು ತಗ್ಗು ಮಾಡತ್ತೆ. ಹೊಸ ಬೇರಿಂಗ್ ಗಾಡಿಗೆ ಹಾಕೋ ಹೊತ್ತಿಗೇ ಸತ್ತಿರತ್ತೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಇತ್ತು. ಬೇರಿಂಗಿನ ಹೊರ ಮೈ, ಕೇಸಿನೊಳಗೆ ಕೂರೋ ಮೈ, ಅದು ಮಂಕು ಬೂದು ಬಣ್ಣಕ್ಕಿರಬೇಕಾದದ್ದು ಕನ್ನಡಿ ಥರ ಹೊಳೀತಿತ್ತು, ಅಲ್ಲಲ್ಲಿ ಕಂದು ಕಲೆ. ಮೇಷ್ಟ್ರು ಕೇಸನ್ನ ತಿರುಗಿಸಿ ಬೇರಿಂಗ್ ಕೂರೋ ಗುಂಡಿ ತೋರಿಸಿದ್ರು. ಸುತ್ತಲೂ ಸೆಂಟರ್ ಪಂಚ್ ಹೊಡೆದ ಚುಕ್ಕಿಗಳು, ಇಡ್ಲಿ ಮೇಲೆ ಎಳ್ಳು ಉದುರಿಸಿದ ಹಾಗೆ. "ನೋಡಪ್ಪ, ಬೇರಿಂಗು ಹೊಸದು ಹಾಕವ್ರೆ, ಆದ್ರೆ ಅದಕ್ಕೆ ಮನೆನೇ ಇಲ್ಲ" ಅಂದ್ರು. ಈ ಪೋಸ್ಟಲ್ಲಿ ನಾನು ಹೇಳಬೇಕು ಅಂತಿರೋದು ಇದನ್ನೇ. ಎಲ್ಲರೂ ಬೇರಿಂಗ್ ಬದಲಾಯಿಸ್ತಾರೆ, ಬೇರಿಂಗ್ ಕೂರೋ ಮನೇನ ಯಾರೂ ಅಳೆದು ನೋಡಲ್ಲ.

ಮನೆ ಲೂಸ್ ಆಗೋದು ಹೆಂಗೆ ಅಂದ್ರೆ, ಕೇಸ್ ಅಲ್ಯುಮಿನಿಯಂ, ಬೇರಿಂಗ್ ಉಕ್ಕು. ಬಿಸಿ ಆದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚೂಕಮ್ಮಿ ಎರಡರಷ್ಟು ಹಿಗ್ಗತ್ತೆ. 62 ಎಂಎಂ ಗುಂಡಿ ಅಂತ ಇಟ್ಕೊಳ್ಳಿ, 25 ಡಿಗ್ರಿಯಿಂದ 85 ಡಿಗ್ರಿಗೆ ಹೋದ್ರೆ ಗುಂಡಿ ಸುಮಾರು 0.085 ಎಂಎಂ ದೊಡ್ಡದಾಗತ್ತೆ, ಬೇರಿಂಗ್ 0.045 ಅಷ್ಟೇ ಬೆಳೆಯತ್ತೆ, ಅಂದ್ರೆ 0.04 ಎಂಎಂ ಹಿಡಿತ ಬರೀ ಬಿಸಿಗೇ ಹೋಯ್ತು. ಅದಕ್ಕೇ ತಣ್ಣಗಿದ್ದಾಗ ಗುಂಡಿ ಬೇರಿಂಗಿಗಿಂತ ಕೊಂಚ ಚಿಕ್ಕದಾಗಿ, ಟೈಟಾಗಿ ಇರಬೇಕು. ಹತ್ತಾರು ವರ್ಷ ಬೇರಿಂಗ್ ಸುತ್ತಿಗೇಲಿ ಹೊಡೆದು ಹಾಕಿ ತೆಗೆದು ಹಾಕಿ ತೆಗೆದು ಮಾಡಿದ್ರೆ ಆ ಟೈಟು ಹೋಗತ್ತೆ, ಆಮೇಲೆ ಬಿಸಿಯಾದಾಗ ಹೊರಗಿನ ರಿಂಗೇ ಕೇಸಿನೊಳಗೆ ತಿರುಗಕ್ಕೆ ಶುರು ಮಾಡತ್ತೆ, ಮೆತ್ತಗಿನ ಅಲ್ಯುಮಿನಿಯಂನ ಉಕ್ಕು ಕೆರೀತಾ ಹೋಗತ್ತೆ. ನನ್ನ ಕೇಸನ್ನ ಬೋರ್ ಗೇಜಲ್ಲಿ ಅಳೆದಾಗ ಬೇರಿಂಗಿಗಿಂತ 0.11 ಎಂಎಂ ದೊಡ್ಡದು. ಮನುಷ್ಯನ ಕೂದಲು ಸುಮಾರು 0.07 ಎಂಎಂ, ಅದಕ್ಕಿಂತ ಜಾಸ್ತಿ. ಕೈಯಲ್ಲೇ ಒತ್ತಿದ್ರೆ ಬೇರಿಂಗ್ ಒಳಗೆ ಹೋಗಿ ಕೂರ್ತಿತ್ತು. ಪಂಚ್ ಹೊಡೆಯೋದು ಅಂದ್ರೆ ಚುಕ್ಕಿ ಸುತ್ತ ಎದ್ದ ಸಣ್ಣ ಉಬ್ಬಿನ ಮೇಲೆ ಬೇರಿಂಗ್ ಕೂರಿಸೋದು. ಆ ಉಬ್ಬು ಎಷ್ಟು ದಿನ ತಡೆಯತ್ತೆ? ನನ್ನದು ನಾನೂರು ಕಿಲೋಮೀಟರ್ ತಡೀತು.

ಏನು ಮಾಡಬಹುದು ಅಂತ ಯೋಚಿಸಿದ್ವಿ. ಬೇರಿಂಗ್ ಹಿಡಿಸೋ ಅಂಟು ಬರತ್ತೆ, ಲಾಕ್‌ಟೈಟ್ ಅಂತ ಎಲ್ಲರೂ ಕರೆಯೋ ಹಸಿರು ದ್ರಾವಣ, ಸ್ವಲ್ಪ ಲೂಸ್ ಇದ್ರೆ ಅದು ನಿಜವಾಗ್ಲೂ ಚೆನ್ನಾಗಿ ಹಿಡಿಯತ್ತೆ, ಗುಂಡಿ ಎಣ್ಣೆ ಪಸೆ ಇಲ್ಲದಂಗೆ ಥಿನ್ನರಲ್ಲಿ ತೊಳೆದಿರಬೇಕು ಅಷ್ಟೇ. ಆದ್ರೆ 0.11 ಲೂಸಿಗೆ, ಅದೂ ಪಂಚ್ ಹೊಡೆದು ಕುಲಗೆಟ್ಟ ಗುಂಡಿಗೆ, ಅಂಟು ನಂಬ್ಕೊಂಡ್ರೆ ಬೇರಿಂಗ್ ಮಧ್ಯಕ್ಕೇ ಕೂರತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬೇರೆ ಕೇಸ್ ತಂದು ಹಾಕೋಣ ಅಂದ್ರೆ ಎರಡು ತೊಂದರೆ. ಒಂದು, ಎಡ ಬಲ ಎರಡೂ ಕೇಸನ್ನ ಫ್ಯಾಕ್ಟರೀಲಿ ಜೋಡಿಯಾಗಿ ಬೋರ್ ಮಾಡಿರ್ತಾರೆ, ಒಂದರ ಎಡ ಇನ್ನೊಂದರ ಬಲ ಸೇರಿಸಿದ್ರೆ ಎರಡು ಬೇರಿಂಗ್ ಒಂದೇ ನೇರಕ್ಕೆ ಬರಲ್ಲ. ಎರಡನೇದು ಇಂಜಿನ್ ನಂಬರ್. ಅದು ಕೇಸ್ ಮೇಲೇ ಕೆತ್ತಿರತ್ತೆ, ಆರ್‌ಸಿಯಲ್ಲಿರೋದೂ ಅದೇ ನಂಬರ್, ಕೇಸ್ ಬದಲಾದ್ರೆ ಆರ್‌ಟಿಓದಲ್ಲಿ ಬರೆಸಬೇಕು, ಬರೆಸದೆ ಓಡಿಸಿದ್ರೆ ಮುಂದೆ ಆರ್‌ಸಿ ರಿನ್ಯೂವಲ್ ಟೈಮಲ್ಲಿ ಸಿಕ್ಕಿ ಹಾಕ್ಕೊಳ್ತೀವಿ. ಅದೂ ಅಲ್ಲದೆ ಮಾವನ ಗಾಡಿ ನಂಬರ್ ಅದು, ಮನಸ್ಸು ಬರ್ಲಿಲ್ಲ. ಸ್ಲೀವ್, ಅಂದ್ರೆ ಗುಂಡಿಯೊಳಗೆ ಹೊಸ ಉಂಗುರ, ಹಾಕಿಸೋದು ಅಂತ ತೀರ್ಮಾನ ಆಯ್ತು.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಷ್ಟ್ರಿಗೆ ಗೊತ್ತಿದ್ದ ಒಂದು ಲೇತ್ ಅಂಗಡಿ. ಕೆಲಸದ ಕ್ರಮ ಹೇಳ್ತೀನಿ, ಯಾಕಂದ್ರೆ ಇದನ್ನ ಎಲ್ಲೂ ಕನ್ನಡದಲ್ಲಿ ಬರೆದಿದ್ದು ನಾನು ನೋಡಿಲ್ಲ. ಮೊದಲು ಗುಂಡಿಯನ್ನ ಸುತ್ತಲೂ ಮೂರು ಎಂಎಂ ದೊಡ್ಡದು ಮಾಡಿದ್ರು. ಎಚ್‌ಇ30 ಅಲ್ಯುಮಿನಿಯಂ ರಾಡಿಂದ ಒಂದು ಉಂಗುರ ತಿರುವಿದ್ರು, ಅಲ್ಯುಮಿನಿಯಂ ಯಾಕೆ ಅಂದ್ರೆ ಕೇಸ್ ಎಷ್ಟು ಹಿಗ್ಗತ್ತೋ ಅದೂ ಅಷ್ಟೇ ಹಿಗ್ಗತ್ತೆ, ಬಿಸಿಗೆ ಕಳಚಲ್ಲ. ಕೇಸನ್ನ ಕಾಯಿಸಿ ಉಂಗುರ ಇಳಿಸಿದ್ರು. ಆರಿದ ಮೇಲೆ, ಇಲ್ಲೇ ಮುಖ್ಯ ವಿಷಯ ಇರೋದು, ಎರಡೂ ಕೇಸನ್ನ ಡೋವೆಲ್ ಪಿನ್ ಸಮೇತ ಸೇರಿಸಿ ಬೋಲ್ಟ್ ಹಾಕಿ, ಹಾಳಾಗದೆ ಇದ್ದ ಎಡಗಡೆ ಗುಂಡಿಗೆ ಡಯಲ್ ಗೇಜ್ ಹಿಡಿದು ಸೆಂಟರ್ ಮಾಡ್ಕೊಂಡು, ಅದೇ ಸೆಟ್ಟಿಂಗಲ್ಲಿ ಬಲಗಡೆ ಉಂಗುರದ ಒಳಗನ್ನ ಫಿನಿಶ್ ಬೋರ್ ಮಾಡಿದ್ರು. ಬಲಗಡೆ ಕೇಸ್ ಒಂದನ್ನೇ ಚಕ್ಕಿಗೆ ಹಿಡಿದು ಬೋರ್ ಮಾಡಿದ್ರೆ ನೇರ ಸಿಗಲ್ಲ, ಕ್ರ್ಯಾಂಕ್ ಓರೆಯಾಗಿ ಓಡಿ ಮತ್ತೆ ಬೇರಿಂಗ್ ತಿನ್ನತ್ತೆ. ಕೊನೇ ಅಳತೆ ಬೇರಿಂಗಿಗಿಂತ 0.03 ಎಂಎಂ ಕಮ್ಮಿ. ಲೇತ್ ಹುಡುಗ ಕೊನೆಯ ಎರಡು ಕಟ್ಟಿಗೆ ಒಂದು ಗಂಟೆ ತಗೊಂಡ, ಪ್ರತಿ ಕಟ್ ಆದ ಮೇಲೂ ಕೇಸ್ ತಣ್ಣಗಾಗಲಿ ಅಂತ ಕಾದು ಅಳೀತಿದ್ದ. ಆ ತಾಳ್ಮೆ ನೋಡಿ ನಾನು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಬಂದೆ.

ಈಗ ಬೇರಿಂಗ್ ಹುಡುಕಿದ ವಿಷಯ. ಯೆಜ್ಡಿ ಬೇರಿಂಗ್ ಕೊಡಿ ಅಂತ ಬೈಕ್ ಸ್ಪೇರ್ಸ್ ಅಂಗಡೀಲಿ ಕೇಳಬೇಡಿ, ಅದು ಯೆಜ್ಡಿಗೆ ಅಂತ ಮಾಡಿದ ಸಾಮಾನಲ್ಲ. ಬೇರಿಂಗ್ ಅಂದ್ರೆ ಇಡೀ ಪ್ರಪಂಚಕ್ಕೆ ಒಂದೇ ಅಳತೆ, ನೀರಿನ ಮೋಟರಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ, ಗಾಡಿಗೂ ಅದೇ. ರಿಂಗ್ ಮೇಲೆ ಕೆತ್ತಿರೋ ನಂಬರೇ ಅದರ ಜಾತಕ. ಉದಾಹರಣೆಗೆ 6305 ಅಂತ ಇದ್ರೆ, 6 ಅಂದ್ರೆ ಒಂದು ಸಾಲು ಗುಂಡಿನ ಬೇರಿಂಗ್, 3 ಅಂದ್ರೆ ಸೀರೀಸ್, ಕೊನೇ 05ನ್ನ ಐದರಿಂದ ಗುಣಿಸಿದ್ರೆ ಒಳಗಿನ ತೂತು 25 ಎಂಎಂ. ಹೊರಗೆ 62, ಅಗಲ 17. ಅದೇ 6205 ಅಂದ್ರೆ ತೂತು 25ವೇ ಆದ್ರೆ ಹೊರಗೆ 52, ಅಗಲ 15. ಐದರಿಂದ ಗುಣಿಸೋ ಲೆಕ್ಕ 04ರಿಂದ ಮೇಲೆ ಮಾತ್ರ, 03 ಅಂದ್ರೆ 17 ಎಂಎಂ, 02 ಅಂದ್ರೆ 15. ನಿಮ್ಮ ಇಂಜಿನ್ನಿಂದ ಬಿಚ್ಚಿದ ಬೇರಿಂಗ್ ಮೇಲೆ ಇರೋ ನಂಬರ್ ಬರ್ಕೊಳ್ಳಿ, ಜೊತೆಗೆ ವರ್ನಿಯರಲ್ಲಿ ಶಾಫ್ಟನ್ನೂ ಗುಂಡಿಯನ್ನೂ ಅಳೆದು ತಾಳೆ ನೋಡಿ, ಹಳೇ ಗಾಡೀಲಿ ಹಿಂದೆ ಯಾರೋ ಏನೋ ಹೊಂದಿಸಿ ಹಾಕಿರ್ತಾರೆ.

ನಂಬರಿನ ಕೊನೇಲಿ ಇರೋ ಬಾಲ ಇನ್ನೂ ಮುಖ್ಯ. ಸಿ3 ಅಂತ ಇರಬೇಕು. ಗುಂಡುಗಳಿಗೂ ರೇಸಿಗೂ ಮಧ್ಯೆ ಎಷ್ಟು ಜಾಗ ಬಿಟ್ಟಿದಾರೆ ಅನ್ನೋದರ ಗುರುತು ಅದು. 25 ಎಂಎಂ ತೂತಿನ ಮಾಮೂಲಿ ಬೇರಿಂಗಲ್ಲಿ 5ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ 0.001 ಎಂಎಂ) ಜಾಗ ಇದ್ರೆ ಸಿ3ಯಲ್ಲಿ 13ರಿಂದ 28. ಶಾಫ್ಟಿಗೂ ಟೈಟು, ಕೇಸಿಗೂ ಟೈಟು ಹಾಕಿದಾಗ ಎರಡು ಕಡೆಯಿಂದಲೂ ಆ ಜಾಗ ಕಮ್ಮಿ ಆಗತ್ತೆ, ಮೇಲೆ ಒಳಗಿನ ರಿಂಗ್ ಹೊರಗಿನದಕ್ಕಿಂತ ಬಿಸಿ, ಮಾಮೂಲಿ ಬೇರಿಂಗ್ ಹಾಕಿದ್ರೆ ಉಸಿರಾಡಕ್ಕೂ ಜಾಗ ಉಳಿಯಲ್ಲ. ಮೊದಲ ಸಲ ಹಾಕಿದ್ದ ಬೇರಿಂಗಿನ ಮೇಲೆ ಸಿ3 ಇರ್ಲೇ ಇಲ್ಲ, ನಾನೇ ಕಣ್ಣಾರೆ ನೋಡಿದೆ. ಇನ್ನೊಂದು, ಅಂಗಡಿಯವರು ರಬ್ಬರ್ ಸೀಲ್ ಇರೋ ಬೇರಿಂಗ್ ಕೊಡಕ್ಕೆ ಬರ್ತಾರೆ, ಕ್ರ್ಯಾಂಕಿಗೆ ಅದು ಬೇಡ, ಎರಡೂ ಕಡೆ ತೆರೆದಿದ್ದು ಬೇಕು, ಆಯಿಲ್ ಒಳಗೆ ಹೋಗಬೇಕಲ್ಲ.

ಬೆಂಗಳೂರಲ್ಲಿ ಬೇರಿಂಗಿಗೆ ಎಸ್‌ಜೆಪಿ ರೋಡ್. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿದ್ದು, ಮೂರು ಅಂಗಡೀಲಿ ನಂಬರ್ ಇತ್ತು ಸಿ3 ಇರ್ಲಿಲ್ಲ, "ಎಲ್ಲಾ ಒಂದೇ ಸಾರ್, ಹಾಕ್ಕೊಂಡು ಹೋಗಿ" ಅಂದ್ರು. ಒಂದೇ ಅಲ್ಲ. ನಾಲ್ಕನೇ ಅಂಗಡೀಲಿ ವಯಸ್ಸಾದ ಒಬ್ರು ಕೂತಿದ್ರು, ಕ್ರ್ಯಾಂಕಿಗಾ ಅಂತ ಅವರೇ ಕೇಳಿದ್ರು, ಒಳಗಿಂದ ಸಿ3 ಎರಡು ತಂದು ಇಟ್ರು. ಎಸ್‌ಕೆಎಫ್, ಎಫ್‌ಎಜಿ, ಜೈಪುರದ ಎನ್‌ಬಿಸಿ, ಯಾವುದಾದ್ರೂ ಪರವಾಗಿಲ್ಲ, ಆದ್ರೆ ಅಸಲಿ ಇರಬೇಕು. ನಕಲಿ ಬೇರಿಂಗ್ ತುಂಬಾ ಇವೆ, ಡಬ್ಬ ನೋಡಿ ಹೇಳಕ್ಕಾಗಲ್ಲ. ಎಸ್‌ಕೆಎಫ್‌ನವರದ್ದು, ಎಫ್‌ಎಜಿ ಮಾಡೋ ಶೆಫ್ಲರ್‌ನವರದ್ದು ಫೋನಲ್ಲಿ ಅಸಲಿ ನಕಲಿ ಪರೀಕ್ಷೆ ಮಾಡೋ ಆ್ಯಪ್ ಇದೆ, ಅಂಗಡೀಲೇ ನಿಂತು ನೋಡ್ಕೊಳ್ಳಿ, ಬಿಲ್ ತಗೊಳ್ಳಿ. ಮಾಮೂಲಿ ರೇಟಿನ ಅರ್ಧಕ್ಕೆ ಯಾರಾದ್ರೂ ಕೊಡ್ತೀನಿ ಅಂದ್ರೆ ಸುಮ್ನೆ ಮುಂದಕ್ಕೆ ಹೋಗಿ. ಆಯಿಲ್ ಸೀಲೂ ಹಂಗೇ, ಅದರ ಮೇಲೆ ಶಾಫ್ಟ್, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರತ್ತೆ, ಅಳತೆ ಹೇಳಿದ್ರೆ ಸಿಗತ್ತೆ.

ಬರೀ ಯೆಜ್ಡಿಗೇ ಅಂತ ಇರೋ ಪಾರ್ಟ್ಸ್ ಸಿಗೋದು ಕಷ್ಟ. ಜೆಸಿ ರೋಡಲ್ಲಿ ಹಳೇ ಅಂಗಡಿಗಳಲ್ಲಿ ಗ್ಯಾಸ್ಕೆಟ್ ಸೆಟ್ಟು, ಕೇಬಲ್ಲು ಸಿಗತ್ತೆ, ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್ ಗೇರು, ಕಿಕ್ ಶಾಫ್ಟು ಅದೃಷ್ಟ ಇದ್ರೆ ಸಿಗತ್ತೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತಲ್ಲ, ಅಲ್ಲಿ ಸ್ಪೇರ್ಸ್ ಸಿಗಬಹುದಾ ಅಂತ ಸುಮಾರು ಜನ ನನ್ನ ಕೇಳಿದಾರೆ. ಅವು ನಾಲ್ಕು ಸ್ಟ್ರೋಕಿನ, ನೀರಲ್ಲಿ ತಣ್ಣಗಾಗೋ ಬೇರೆಯೇ ಇಂಜಿನ್, ಒಂದು ನಟ್ಟೂ ನಮ್ಮದಕ್ಕೆ ಹೊಂದಲ್ಲ. ನಮ್ಮ ಇಂಜಿನ್ನಿನ ಬೇರು ಚೆಕ್ ದೇಶದ ಜಾವಾ 250ರದ್ದು, ಅಲ್ಲಿ ಹಳೇ ಗಾಡಿಗಳಿಗೆ ಇನ್ನೂ ಪಾರ್ಟ್ಸ್ ಮಾಡ್ತಾರೆ, ಕೆಲವು ಕೂರತ್ತೆ, ಕೆಲವು ಕೂರಲ್ಲ, ಅಳತೆ ಕೇಳದೆ ದುಡ್ಡು ಕಳಿಸಬೇಡಿ. ನನಗೆ ಎಲ್ಲಕ್ಕಿಂತ ಸಹಾಯ ಆಗಿದ್ದು ಜುಲೈ ತಿಂಗಳ ಎರಡನೇ ಭಾನುವಾರ ನಡೆಯೋ ಜಾವಾ ದಿನ. ಬೆಂಗಳೂರಲ್ಲಿ ಆವತ್ತು ನೂರಾರು ಗಾಡಿ ಸೇರತ್ತೆ, ಅಲ್ಲಿ ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದೋರ ಹತ್ರ ಮಾತಾಡ್ತಾ ಇದ್ದಾಗ ಅವರ ಮನೇಲಿ ಫ್ಯಾಕ್ಟರಿ ಕಾಲದ ಕನೆಕ್ಟಿಂಗ್ ರಾಡ್ ಕಿಟ್ ಒಂದು ಮೇಣದ ಕಾಗದದಲ್ಲಿ ಸುತ್ತಿದ್ದು ಹಂಗೇ ಇದೆ ಅಂತ ಗೊತ್ತಾಯ್ತು. ಕೊಂಡ ರೇಟಿಗೇ ಕೊಡ್ತೀನಿ ಅಂದ್ರು, ನಾನು ಬಲವಂತ ಮಾಡಿ ಈಗಿನ ರೇಟ್ ಕೊಟ್ಟೆ.

ರಾಡ್ ಕಿಟ್ ಯಾಕೆ ಅಂದ್ರೆ ಮೇನ್ ಬೇರಿಂಗಿಂದ ಎದ್ದ ಉಕ್ಕಿನ ಪುಡಿ ಎಲ್ಲಾ ಮೊದಲು ಹೋಗೋದು ಬಿಗ್ ಎಂಡ್ ರೋಲರಿಗೆ. ರಾಡ್ ಹಿಡಿದು ಮೇಲೆ ಕೆಳಗೆ ಎಳೆದ್ರೆ ಚೂರೂ ಆಟ ಇರಬಾರದು, ಪಕ್ಕಕ್ಕೆ ಸ್ವಲ್ಪ ಇರಬೇಕು, ಅದು ಬೇಕಾದ್ದೇ. ನನ್ನದರಲ್ಲಿ ಮೇಲೆ ಕೆಳಗೂ ಇತ್ತು. ಪ್ರೆಸ್ಸಲ್ಲಿ ಕ್ರ್ಯಾಂಕ್ ಪಿನ್ ತೆಗೆದು ಹೊಸ ಕಿಟ್ ಹಾಕಿ ಸೆಂಟರಿಗೆ ಹಿಡಿದು ಡಯಲ್ ಗೇಜ್ ಇಟ್ರೆ ಮುಳ್ಳು 0.12 ಓಡ್ತಿತ್ತು. ಮೇಷ್ಟ್ರು ತಾಮ್ರದ ಸುತ್ತಿಗೆ ತಗೊಂಡು, ತಿರುಗಿಸಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೇ ಒಂದು ಏಟು, ಮತ್ತೆ ನೋಡಿ, ಮತ್ತೆ ಒಂದು. ಮುಕ್ಕಾಲು ಗಂಟೇಲಿ 0.03ಕ್ಕೆ ಬಂತು. ನನಗೂ ಒಂದು ಏಟು ಹೊಡೆಯಕ್ಕೆ ಕೊಟ್ರು.

ಜೋಡಿಸೋ ಹಿಂದಿನ ರಾತ್ರಿ ಬೇರಿಂಗ್ ಎರಡನ್ನೂ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ಕಲ್ಲಿ ಸುತ್ತಿ ಫ್ರೀಜರಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಕೇಸನ್ನ ಎಲೆಕ್ಟ್ರಿಕ್ ಒಲೆ ಮೇಲೆ ದಪ್ಪ ತಗಡಿಟ್ಟು ನಿಧಾನಕ್ಕೆ ಕಾಯಿಸಿದ್ವಿ. ನೀರಿನ ಹನಿ ಚಿಮುಕಿಸಿದ್ರೆ ದೋಸೆ ಕಾವಲಿ ಮೇಲೆ ಆಡಿದ ಹಾಗೆ ಚುಂಯ್ ಅಂತ ಓಡಾಡಬೇಕು, ಆಗ ಸರಿಯಾದ ಬಿಸಿ. ಗುಂಡಿಗೆ ತೆಳ್ಳಗೆ ಹಸಿರು ಅಂಟು ಸವರಿ, ಫ್ರೀಜರಿಂದ ತೆಗೆದ ಬೇರಿಂಗನ್ನ ನೆಟ್ಟಗೆ ಹಿಡಿದು ಬಿಟ್ಟೆ. ಟಕ್. ಅಷ್ಟೇ. ಸುತ್ತಿಗೆ ಮುಟ್ಟಲೇ ಇಲ್ಲ, ತನ್ನಷ್ಟಕ್ಕೆ ತಳಕ್ಕೆ ಹೋಗಿ ಕೂತ್ಕೊಂಡಿತು. ಹತ್ತು ಸೆಕೆಂಡಿಗೆ ಮೇಲೆ ಮಂಜಿನ ಪಸೆ ಆರಿತು, ಅಷ್ಟೊತ್ತಿಗೆ ಕೇಸ್ ಅದನ್ನ ಬಿಗಿಯಾಗಿ ಹಿಡ್ಕೊಂಡಾಗಿತ್ತು, ಅಲ್ಲಾಡಿಸಿದ್ರೂ ಅಲ್ಲಾಡಲ್ಲ. ಮೊದಲನೇ ಸಲ ಅದೇ ಕೇಸಿಗೆ ಎಷ್ಟು ಏಟು ಬಿದ್ದಿತ್ತೋ ಅಂತ ನೆನೆಸ್ಕೊಂಡೆ.

ಗಾಡಿ ಈಗ ಸಾವಿರದ ಎಂಟುನೂರು ಕಿಲೋಮೀಟರ್ ಓಡಿದೆ. ಮೊದಲ ಐನೂರು ಕಿಲೋಮೀಟರ್ ಅರವತ್ತು ದಾಟಿಸಲಿಲ್ಲ, ಲೀಟರಿಗೆ 50 ಎಂಎಲ್ ಟೂಟಿ ಹಾಕಿದೆ, ಈಗ 40 ಹಾಕ್ತಿದೀನಿ, ಹೊಗೆ ಜಾಸ್ತಿ ಅಂತ ಬೈಯೋರು ಬೈಲಿ, ಕಮ್ಮಿ ಮಾಡಲ್ಲ. ಪಾಯಿಂಟ್ ಗ್ಯಾಪ್ ಜೋಡಿಸಿದ ದಿನ ಸೆಟ್ ಮಾಡಿದ್ದು, ಮೊನ್ನೆ ಫೀಲರ್ ಹಾಕಿ ನೋಡಿದೆ, ಹಂಗೇ ಇದೆ. ತಿಂಗಳಿಗೆ ಒಂದ್ಸಲ ಸ್ಕ್ರೂ ಡ್ರೈವರ್ ಕಿವಿಗೆ ಹಚ್ಚಿ ಎರಡೂ ಪಕ್ಕ ಕೇಳ್ತೀನಿ. ಹೋದ ವಾರ ಅರಸೀಕೆರೆಗೆ ತಗೊಂಡು ಹೋಗಿದ್ದೆ, ಮಾವನಿಗೆ ಈಗ ಕಿವಿ ಅಷ್ಟಾಗಿ ಕೇಳಲ್ಲ, ಗಾಡಿ ಸ್ಟಾರ್ಟಲ್ಲಿ ಇದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಲಗಡೆ ಕವರಿನ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ಹಂಗೇ ಇದ್ರು, ಆಮೇಲೆ "ನಿಂತೈತೆ ಕಣೋ" ಅಂದ್ರು, ನಡುಕ ನಿಂತಿದೆ ಅಂತ.

ಸೆಕೆಂಡ್ ಗೇರ್ ಮಾತ್ರ ಇಳಿಜಾರಲ್ಲಿ ಒಮ್ಮೊಮ್ಮೆ ಹಾರ್ತಾ ಇದೆ, ಮಳೆಗಾಲ ಮುಗಿದ ಮೇಲೆ ಅದಕ್ಕೆ ಕೈ ಹಾಕಬೇಕು. ಹಲ್ಲು ಸವೆಯದೆ ಇರೋ ರೋಡ್‌ಕಿಂಗ್ ಸೆಕೆಂಡ್ ಗೇರ್ ಜೋಡಿ ಯಾರ ಹತ್ರನಾದ್ರೂ ಇದ್ರೆ ಹೇಳಿ, ಎಷ್ಟು ದೂರ ಆದ್ರೂ ನಾನೇ ಬಂದು ನೋಡಿ ತಗೊಂಡು ಹೋಗ್ತೀನಿ.